ತೋಳಿನ ಮೇಲೊಂದು ಬಿಲ್ಲೆ

ನಮ್ಮ ಸಮಾಜದ ಯಾವ ಮಂಗಲ ಕಾರ್ಯವಿರಲಿ, ಶಿವಗಣಾರಾಧನೆಯಿರಲಿ, ಪಂಕ್ತಿಯಲ್ಲಿ ಕುಳಿತು ಸುತ್ತಲೂ ಒಮ್ಮೆ ಕಣ್ಣು ಹಾಯಿಸಿದರೆ ಒಂದು ಸಂಗತಿ ಗಮನಕ್ಕೆ ಬಾರದಿರದು. ಗೋಧಿ ಹುಗ್ಗಿ ಬಡಿಸುವವನು ಹತ್ತಿರ ಬರುತ್ತಲೇ ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರು ಈಗ ಒಬ್ಬಿಬ್ಬರಲ್ಲ. "ಪ್ರಸಾದ ಐತ್ರಿ, ಬ್ಯಾಡ ಅನಬಾರ್ದು" ಎಂದು ಆತ ಒತ್ತಾಯಿಸುತ್ತಾನೆ. "ಶುಗರ್ ಐತಪ್ಪಾ" ಎಂದು ಕುಳಿತವರು ಬೇಡಿಕೊಳ್ಳುತ್ತಾರೆ. ಕೊನೆಗೆ ಒಂದು ಸೌಟು ಬಿದ್ದೇ ಬೀಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಭಾರತದಲ್ಲಿ ಮಧುಮೇಹವುಳ್ಳವರ ಸಂಖ್ಯೆಯನ್ನು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ಅದರ ಹೊಸ್ತಿಲಲ್ಲಿ ನಿಂತವರು ಬೇರೆ 13 ಕೋಟಿ 60 ಲಕ್ಷ. ಹೀಗಿರುವಾಗ ಪಂಕ್ತಿಯಲ್ಲಿ ಅಡ್ಡ ಬರುವ ಕೈಗಳ ಸಂಖ್ಯೆ ಹೆಚ್ಚಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಹತ್ತು ಕೋಟಿಯಲ್ಲಿ ಈ ಲೇಖಕನೂ ಒಬ್ಬ. ಹತ್ತೊಂಬತ್ತು ವರ್ಷಗಳಿಂದ ಈ ವ್ಯಾಧಿಯೊಡನೆ ಬಾಳುತ್ತಿದ್ದೇನೆ. ಹಗಲು ಮಾತ್ರೆ, ರಾತ್ರಿ ಮಲಗುವ ಮುನ್ನ ಇನ್ಸುಲಿನ್. ಕಳೆದ ವರ್ಷ ಹೊಸಪೇಟೆಯ ನಮ್ಮ ವೈದ್ಯರು ನನ್ನ ಎಡತೋಳಿನ ಹಿಂಬದಿಗೆ ಒಂದು ಬಿಲ್ಲೆಯನ್ನು ಅಂಟಿಸಿದರು. ಅಂದಿನಿಂದ ಇಂದಿನವರೆಗೆ ಆರು ಬಿಲ್ಲೆಗಳನ್ನು ಧರಿಸಿ ಕಳಚಿದ್ದೇನೆ. ಅದರಿಂದ ಆದ ಪ್ರಯೋಜನವನ್ನೂ ಅದರ ಮಿತಿಯನ್ನೂ ಸದ್ಭಕ್ತರೊಡನೆ ಹಂಚಿಕೊಳ್ಳುವುದು ಉಚಿತವೆಂದು ತೋರಿದೆ. ಏಕೆಂದರೆ ಈಗ ನಮ್ಮ ಊರುಗಳ ಮದುವೆಮನೆಗಳಲ್ಲಿಯೂ ಅಲ್ಲೊಬ್ಬರ ಇಲ್ಲೊಬ್ಬರ ತೋಳಿನಲ್ಲಿ ಇಂಥದು ಕಾಣಸಿಗುತ್ತಿದೆ. ಕಂಡವರು ಕೇಳಲು ಸಂಕೋಚಪಡುತ್ತಾರೆ, ಧರಿಸಿದವರು ಹೇಳಲು.

ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿಯ ಬಿಲ್ಲೆಯದು. ಅದರ ನಡುವಿನಿಂದ ಕೂದಲೆಳೆಯಂಥ ತಂತುವೊಂದು ಸುಮಾರು 5 ಮಿಲಿಮೀಟರ್‌ನಷ್ಟು ಚರ್ಮದ ಒಳಗೆ ಇಳಿದಿರುತ್ತದೆ. ಅಂಟಿಸುವಾಗ ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ತಂತುವಿನ ತುದಿಯಲ್ಲಿ ಲೇಪಿಸಿದ ಕಿಣ್ವವು ಗ್ಲೂಕೋಸಿನೊಡನೆ ವರ್ತಿಸಿ ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ. ಕಿಣ್ವವನ್ನು ಹೀಗೆ ವಿದ್ಯುದಗ್ರದೊಡನೆ ಜೋಡಿಸುವ ಉಪಾಯವನ್ನು ಅಮೆರಿಕೆಯ ಲೆಲ್ಯಾಂಡ್ ಕ್ಲಾರ್ಕ್ ಎಂಬ ವಿಜ್ಞಾನಿ ತನ್ನ ಸಹೋದ್ಯೋಗಿಯೊಡನೆ 1962ರಷ್ಟು ಹಿಂದೆಯೇ ಪ್ರಕಟಿಸಿದ್ದನು. ಅದು ತೋಳಿಗೆ ಅಂಟುವಷ್ಟು ಚಿಕ್ಕದಾಗಲು ದಶಕಗಳೇ ಬೇಕಾದವು. ನನಗೆ ದೊರೆತ ಬಗೆಯದು ಹದಿನಾಲ್ಕು ದಿನ ಬಾಳುತ್ತದೆ. ಮೊಬೈಲನ್ನು ತೋಳಿನ ಬಳಿ ಹಿಡಿದರೆ ಆ ಕ್ಷಣದ ಅಂಕಿಯನ್ನು ಕೊಡುತ್ತದೆ; ಹಿಂದಿನ ಎಂಟು ಗಂಟೆಗಳ ಏರಿಳಿತವನ್ನು ಗೆರೆಯಾಗಿ ಎಳೆದು ತೋರಿಸುತ್ತದೆ. ಪಕ್ಕದಲ್ಲಿ ಒಂದು ಬಾಣದ ಗುರುತೂ ಇರುತ್ತದೆ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅದರಿಂದ ತಿಳಿಯುತ್ತದೆ. ತಾನಾಗಿ ಕೂಗಿ ಎಚ್ಚರಿಸುವ ಬಗೆಯವೂ ಇವೆ.

ಬಿಲ್ಲೆ ಧರಿಸಿದ ಮೊದಲ ವಾರದಲ್ಲಿಯೇ ಆತ್ಮೀಯರೊಬ್ಬರು ವಿನೋದವಾಗಿ, "ಶಾಸ್ತ್ರಿಗಳು ಎದಿಮ್ಯಾಲ ಒಂದು, ತೋಳಮ್ಯಾಲ ಒಂದು, ಎರಡು ಲಿಂಗ ಕಟ್ಯಾರ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲವೆಂದಲ್ಲ, ಆದರೆ ಆ ಹೋಲಿಕೆ ನನಗೆ ಒಪ್ಪಿಗೆಯಾಗಲಿಲ್ಲ. ಅಂಗದ ಮೇಲೆ ಸದಾ ಇರುವುದೆಂಬ ಒಂದೇ ಕಾರಣಕ್ಕೆ ಎರಡನ್ನೂ ಸಮೀಕರಿಸಲಾಗದು. ಕರಸ್ಥಲದ ಲಿಂಗವನ್ನು ಅನಿಮಿಷ ದೃಷ್ಟಿಯಿಂದ ನೋಡುವುದು ನೋಡುವವನನ್ನು ಮರೆಯುವುದಕ್ಕಾಗಿ. ಈ ಬಿಲ್ಲೆಯನ್ನು ನೋಡುತ್ತಿದ್ದರೆ ನಮ್ಮ ದೇಹದ ಚಿಂತೆಯೇ ಬೆಳೆಯುತ್ತದೆ. ಮೊದಲ ನಾಲ್ಕು ದಿನ ಗಂಟೆಗೆ ಐದಾರು ಬಾರಿ ನೋಡುತ್ತಿದ್ದೆ. ಐದನೆಯ ದಿನ, ಶಿವಪೂಜೆಗೆ ಕುಳಿತಾಗ ಮೊಬೈಲು ಬೇರೆ ಕೋಣೆಯಲ್ಲಿರಬೇಕೆಂಬ ನಿಯಮ ಮಾಡಿಕೊಂಡೆ. ಅದು ಇಂದಿಗೂ ನಡೆದುಕೊಂಡು ಬಂದಿದೆ.

ಇಲ್ಲೊಂದು ಚಿಕ್ಕ ವ್ಯಾವಹಾರಿಕ ಸೂಚನೆಯನ್ನು ಸೇರಿಸಬೇಕು. ವಿಭೂತಿ ಧಾರಣೆ ಮಾಡುವಾಗ ಭಸ್ಮದ ಪುಡಿ ಬಿಲ್ಲೆಯ ಅಂಚಿಗೆ ಸೇರಿ ಬೆವರಿನೊಡನೆ ಬೆರೆತರೆ ಅಂಟು ಬೇಗನೆ ಬಿಡುತ್ತದೆ. ನಮ್ಮ ಹೊಸಪೇಟೆಯ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಹತ್ತನೆಯ ದಿನಕ್ಕೇ ಅಂಚು ಮೇಲೇಳುವುದುಂಟು. ಔಷಧದಂಗಡಿಯಲ್ಲಿ ದೊರೆಯುವ ಅಂಟುಪಟ್ಟಿಯನ್ನು ಅಂಚಿನ ಸುತ್ತ ಹಾಕಿದರೆ ನಿಲ್ಲುತ್ತದೆ. ಸ್ನಾನಕ್ಕೆ ಅಡ್ಡಿಯಿಲ್ಲ. ಅಂಗಿ ಕಳಚುವಾಗ, ಶಾಲು ಹೊದೆಸಿ ಸನ್ಮಾನ ಮಾಡುವವರು ಪ್ರೀತಿಯಿಂದ ತೋಳು ಹಿಡಿದು ಅಮುಕುವಾಗ ಮಾತ್ರ ಎಚ್ಚರ ಬೇಕು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ವರ್ಷಕ್ಕೂ ಮಿಕ್ಕಿ ನನಗೆ ಬೆಳಗಿನ ಜಾವದಲ್ಲಿ ಮೈಯೆಲ್ಲ ಬೆವರಿ ಎಚ್ಚರವಾಗುತ್ತಿತ್ತು. ತಲೆ ಭಾರ. ಪೂಜೆಗೆ ಕುಳಿತರೆ ಬಹುಕಾಲದಿಂದ ಬಾಯಿಪಾಠವಾದ ಸ್ತೋತ್ರದ ನಡುವೆ ಮುಂದಿನ ಪದವೇ ಹೊಳೆಯದು. ವಯಸ್ಸಿನ ಧರ್ಮವೆಂದು ಮನೆಯವರೂ ಸ್ನೇಹಿತರೂ ಸಮಾಧಾನ ಹೇಳುತ್ತಿದ್ದರು. ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಮಾಡಿಸುತ್ತಿದ್ದ ಪರೀಕ್ಷೆ, ಬರಿಹೊಟ್ಟೆಯದು, ಊಟದ ನಂತರದ್ದು, ಎರಡೂ ಸಮಾಧಾನಕರವಾಗಿಯೇ ಇರುತ್ತಿದ್ದವು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಶೇಕಡಾ 7ರ ಹತ್ತಿರವೇ. ಆ ಅಂಕಿಗೆ ಸರಾಸರಿ 154 ಮಿಲಿಗ್ರಾಂ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಆದರೆ ಸರಾಸರಿಯೆಂಬುದು ತುಂಗಭದ್ರೆಯ ಸರಾಸರಿ ಆಳವಿದ್ದಂತೆ. ಮಡುವೆಲ್ಲಿ, ಮರಳೆಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ದಿನವೆಲ್ಲ 150ರ ಸುತ್ತ ನಿಂತವನಿಗೂ, ಹಗಲು 250ಕ್ಕೆ ಏರಿ ರಾತ್ರಿ 50ಕ್ಕೆ ಇಳಿಯುವವನಿಗೂ ಸರಾಸರಿ ಒಂದೇ ಬಂದೀತು.

ಬಿಲ್ಲೆ ಧರಿಸಿದ ಮೂರನೆಯ ಮುಂಜಾವು ಮೊಬೈಲು ಹಿಡಿದಾಗ ಗೆರೆ ಕಂಡಿತು. ರಾತ್ರಿ ಹನ್ನೊಂದಕ್ಕೆ 148 ಇದ್ದದ್ದು ಒಂದೇ ಸಮನೆ ಇಳಿಯುತ್ತ ಹೋಗಿ ಮೂರು ಗಂಟೆಯ ಹೊತ್ತಿಗೆ 56ನ್ನು ಮುಟ್ಟಿ, ಐದರ ವೇಳೆಗೆ ತಾನಾಗಿ 110ಕ್ಕೆ ಏರಿತ್ತು. ಬೆಳಗಿನ ಏಳಕ್ಕೆ ರಕ್ತ ಕೊಟ್ಟರೆ ಈ ಇಳಿತದ ಸುಳಿವು ಸಿಗುವುದಾದರೂ ಹೇಗೆ? ಬಿಲ್ಲೆಯ ಮಾತೊಂದನ್ನೇ ನಂಬಬಾರದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ, ಮರುರಾತ್ರಿ ಗಡಿಯಾರಕ್ಕೆ ಮೂರು ಗಂಟೆಯ ಗಂಟೆಯಿಟ್ಟು ಎದ್ದು ಬೆರಳು ಚುಚ್ಚಿ ನೋಡಿದೆ. 61 ಬಂದಿತು. ನನ್ನ ಶ್ರೀಮತಿ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಳು. ಆಕೆ ಏನೂ ಮಾತನಾಡಲಿಲ್ಲ. ಅಡಿಗೆಮನೆಗೆ ಹೋಗಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಂದುಕೊಟ್ಟಳು. ಹತ್ತೊಂಬತ್ತು ವರ್ಷಗಳಿಂದ ನನ್ನ ಕಣ್ಣಿಗೆ ಬೀಳದಂತೆ ಆಕೆ ಮೇಲಿನ ನೆಲುವಿನಲ್ಲಿ ಬಚ್ಚಿಟ್ಟಿದ್ದ ಡಬ್ಬಿಯದು.

ವಾರದ ಗೆರೆಗಳನ್ನೆಲ್ಲ ನೋಡಿ ವೈದ್ಯರು ರಾತ್ರಿಯ ಇನ್ಸುಲಿನ್ನನ್ನು ಆರು ಘಟಕಗಳಷ್ಟು ಇಳಿಸಿದರು, ಸಂಜೆಯ ಮಾತ್ರೆಯೊಂದನ್ನು ಬದಲಿಸಿದರು. ಹದಿನೈದು ದಿನಗಳಲ್ಲಿ ಬೆವರು ನಿಂತಿತು. ಸ್ತೋತ್ರದ ಪದಗಳು ತಮ್ಮ ತಮ್ಮ ಸ್ಥಾನಕ್ಕೆ ಮರಳಿದವು. ವಯಸ್ಸಾದವರಲ್ಲಿ ಸಕ್ಕರೆ ಏರುವುದಕ್ಕಿಂತ ಹಠಾತ್ತನೆ ಇಳಿಯುವುದು ಹೆಚ್ಚು ಅಪಾಯಕಾರಿ. ರಾತ್ರಿ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ, ಹೃದಯಕ್ಕೂ ಆಘಾತ. ಆದುದರಿಂದಲೇ 2019ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಈ ಸಂವೇದಕಗಳ ಬಗೆಗೆ ಒಮ್ಮತದ ಮಾರ್ಗಸೂಚಿ ರಚಿಸಿದಾಗ ವೃದ್ಧರಿಗೆ ಬೇರೆ ಅಳತೆಯನ್ನೇ ಇಟ್ಟರು. ಸಾಮಾನ್ಯ ರೋಗಿಗಳು ದಿನದ ಶೇಕಡಾ 70ಕ್ಕಿಂತ ಹೆಚ್ಚು ಕಾಲ 70ರಿಂದ 180ರ ನಡುವೆ ಇರಬೇಕು. ವೃದ್ಧರಿಗೂ ಅಪಾಯದ ಅಂಚಿನಲ್ಲಿರುವವರಿಗೂ ಶೇಕಡಾ 50 ದಾಟಿದರೆ ಸಾಕು, ಆದರೆ 70ಕ್ಕಿಂತ ಕೆಳಗೆ ಇರುವ ಕಾಲ ಶೇಕಡಾ 1ನ್ನೂ ಮೀರಕೂಡದು. ಅಪ್ಪ ಅಮ್ಮನಿಗೆ "ಇನ್ನೂ ಕಡಿಮೆ ಮಾಡ್ರಿ, ಇನ್ನೂ ಕಡಿಮೆ ಮಾಡ್ರಿ" ಎಂದು ಒತ್ತಾಯಿಸುವ ಮಕ್ಕಳು ಇದನ್ನು ಗಮನಿಸಬೇಕು. ಔಷಧದ ಪ್ರಮಾಣವನ್ನು ಮಾತ್ರ ಗೆರೆ ನೋಡಿಕೊಂಡು ತಾವೇ ಬದಲಿಸಹೋಗಬಾರದು.

ಬಿಲ್ಲೆಗೂ ಭ್ರಮೆಗಳುಂಟು. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಿಯ ಬದಲಾವಣೆ ಅಲ್ಲಿಗೆ ತಲುಪಲು ಕೆಲವು ನಿಮಿಷಗಳು ಹಿಡಿಯುತ್ತವೆ. ಎರಡನೆಯ ಬಿಲ್ಲೆಯ ಕಾಲದಲ್ಲಿ ಒಂದು ರಾತ್ರಿ 58 ತೋರಿಸಿತು; ಬೆರಳು ಚುಚ್ಚಿದರೆ 104. ಎಡಮಗ್ಗುಲಾಗಿ ತೋಳಿನ ಮೇಲೆಯೇ ಭಾರ ಹಾಕಿ ಮಲಗಿದ್ದರಿಂದ ಹಾಗೆ ತೋರಿತೆಂದು ಆಮೇಲೆ ತಿಳಿಯಿತು. ವಿಟಮಿನ್ ಸಿ ಗುಳಿಗೆಯನ್ನು ಹೆಚ್ಚಾಗಿ ನುಂಗಿದರೂ ಕೆಲವು ಬಗೆಯ ಬಿಲ್ಲೆಗಳು ಹೆಚ್ಚಿನ ಅಂಕಿಯನ್ನು ತೋರಿಸುತ್ತವೆ. ಮೈಯ ಲಕ್ಷಣವೊಂದು, ಅಂಕಿಯೊಂದು ಎನಿಸಿದಾಗ ಬೆರಳಿನ ರಕ್ತವೇ ಪ್ರಮಾಣ.

ಆಹಾರದ ವಿಷಯದಲ್ಲಿ ಅದು ಕಲಿಸಿದ್ದು ಅನಿರೀಕ್ಷಿತವಾಗಿತ್ತು. ನಮ್ಮ ಸೀಮೆಯಲ್ಲಿ ಹಗುರವಾದ ತಿಂಡಿಯೆಂದರೆ ಮಂಡಕ್ಕಿ ಒಗ್ಗರಣೆ. ಕಾಯಿಲೆಯವರಿಗೂ ಅದನ್ನೇ ಕೊಡುತ್ತಾರೆ. ಆ ಹಗುರವಾದ ಮಂಡಕ್ಕಿ ನನ್ನ ಗೆರೆಯನ್ನು ಮುಕ್ಕಾಲು ಗಂಟೆಯಲ್ಲಿ 120ರಿಂದ 230ಕ್ಕೆ ಏರಿಸಿತು. ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇವುಗಳ ಊಟದಲ್ಲಿ ಏರಿಕೆ ಮೆಲ್ಲಗೆ, 170ರ ಒಳಗೇ. ರೊಟ್ಟಿ ನಾಲ್ಕಾದರೆ ಜೋಳವೂ ಕರುಣೆ ತೋರಲಿಲ್ಲ. ಕಾಲುವೆ ಕೆಳಗಿನ ಸೋನಾ ಮಸೂರಿ ಅನ್ನದ ಮಾತು ಎಲ್ಲರೂ ಬಲ್ಲರು. ಆದರೆ ಮೊದಲು ಕೋಸಂಬರಿ, ಪಲ್ಯ, ಕಾಳುಗಳನ್ನು ಮುಗಿಸಿ ಕೊನೆಯಲ್ಲಿ ಅಷ್ಟೇ ಅನ್ನವನ್ನು ಉಂಡರೆ ಗೆರೆಯ ಶಿಖರ ತಗ್ಗುತ್ತದೆ. ಉಂಡ ಮೇಲೆ ಇಪ್ಪತ್ತು ನಿಮಿಷ ನಡೆದರೆ ಇನ್ನೂ ತಗ್ಗುತ್ತದೆ. ನನ್ನ ದೇಹದ ಲೆಕ್ಕ ಇದು. ಒಂದೇ ಎಲೆಯಲ್ಲಿ ಉಂಡ ಇಬ್ಬರಿಗೆ ಬೇರೆ ಬೇರೆ ಗೆರೆ ಬರಬಹುದು.

ಈಗ ಪ್ರಸಾದದ ಪ್ರಶ್ನೆ. ಷಟ್‌ಸ್ಥಲಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಭಕ್ತಿಯನ್ನು ಹೇಳಿದೆ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ. ಉಣ್ಣುವವನಿಗೆ ಆಚಾರ್ಯರು ಆನಂದವನ್ನು ವಿಧಿಸಲಿಲ್ಲ, ಅವಧಾನವನ್ನು ವಿಧಿಸಿದರು. ಆನಂದಭಕ್ತಿ ಬರುವುದು ಮುಂದೆ ಶರಣಸ್ಥಲದಲ್ಲಿ. ಯಾವುದು ಬರುತ್ತಿದೆ, ಎಷ್ಟು ಬರುತ್ತಿದೆ, ಅದು ಅರ್ಪಿತವೋ ಅನರ್ಪಿತವೋ ಎಂದು ಇಂದ್ರಿಯಗಳ ಬಾಗಿಲಲ್ಲಿ ಎಚ್ಚರವಾಗಿ ನಿಲ್ಲುವುದೇ ಪ್ರಸಾದಿಯ ಲಕ್ಷಣ. ಮಠದ ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ನಮಗೆ ಹದಿನೇಳು ಹದಿನೆಂಟರ ಪ್ರಾಯ, ದಾಸೋಹದಲ್ಲಿ ಮೂರು ಸಲ ಹುಗ್ಗಿ ಹಾಕಿಸಿಕೊಳ್ಳುವ ಹಸಿವು. ಅವಧಾನ ಎಂಬ ಪದದ ವ್ಯುತ್ಪತ್ತಿ ಒಪ್ಪಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಎಲೆಯಲ್ಲಿ ಬಿದ್ದ ಪ್ರಸಾದದಲ್ಲಿ ಒಂದು ಅಗುಳೂ ಉಳಿಯಬಾರದೆಂಬ ನಿಯಮವನ್ನು ಮಾತ್ರ ನಮ್ಮ ಗುರುಗಳು ಕಟ್ಟುನಿಟ್ಟಾಗಿ ನಡೆಸಿದರು. ಆ ನಿಯಮದ ಒಳಗೇ ಇಂದಿನ ಉತ್ತರವೂ ಇದೆ. ಬಿದ್ದದ್ದನ್ನು ಬಿಡುವಂತಿಲ್ಲವೆಂದ ಮೇಲೆ, ಬೀಳುವ ಮುನ್ನ ಇಷ್ಟೇ ಸಾಕೆಂದು ಕೈಮುಗಿದು ಕೇಳುವ ಅಧಿಕಾರ ಉಣ್ಣುವವನಿಗೆ ಇರಲೇಬೇಕು. ಅದನ್ನು ಪ್ರಸಾದದ ತಿರಸ್ಕಾರವೆನ್ನುವುದು ಸರಿಯಲ್ಲ. ಒತ್ತಾಯಿಸಿ ಸುರಿದು, ರೋಗಿ ಉಣ್ಣಲಾರದೆ ಎಲೆ ಮಡಿಸುವಂತೆ ಮಾಡಿದರೆ ಪ್ರಸಾದ ಹಾಳಾದ ದೋಷ ಬಡಿಸಿದವನದೇ. ನಾನು ಈಗ ಹೋದಲ್ಲೆಲ್ಲ ಚಮಚದಷ್ಟು ಹುಗ್ಗಿಯನ್ನು ಕೇಳಿ ಹಾಕಿಸಿಕೊಂಡು ಕಣ್ಣಿಗೊತ್ತಿ ಸ್ವೀಕರಿಸುತ್ತೇನೆ. ಕೆಲವು ಮನೆಗಳಲ್ಲಿ ಯಜಮಾನಿತಿಯರು ಮುನಿಸಿಕೊಂಡದ್ದೂ ಉಂಟು. ನಮ್ಮ ತಾಯಂದಿರ ಪ್ರೀತಿ ಸೌಟಿನ ಗಾತ್ರದಲ್ಲಿ ವ್ಯಕ್ತವಾಗುವಂಥದು. ಅದನ್ನು ಬದಲಿಸಲು ಇನ್ನೊಂದು ತಲೆಮಾರು ಬೇಕಾದೀತು.

ಕಳೆದ ಶ್ರಾವಣದಲ್ಲಿ ಸಂಡೂರಿನಲ್ಲಿ ಪ್ರವಚನವಿತ್ತು. ಎಂಟೂವರೆಗೆ ಮಂಗಳ, ಕೂಡಲೇ ಪ್ರಸಾದವೆಂದು ಸಂಘಟಕರು ತಿಳಿಸಿದ್ದರು. ಸಂಜೆಯ ಮಾತ್ರೆ ಅದಕ್ಕೆ ತಕ್ಕಂತೆ ಆಗಿತ್ತು. ಪ್ರವಚನವೇನೋ ಮುಗಿಯಿತು, ಅನಂತರ ಸನ್ಮಾನಗಳು ಆರಂಭವಾದವು. ನಮ್ಮಲ್ಲಿ ಸನ್ಮಾನಗಳಿಗೆ ಆದಿಯುಂಟು, ಅಂತ್ಯವನ್ನು ಶಿವನೇ ಬಲ್ಲ. ಒಂಬತ್ತೂಕಾಲರ ಹೊತ್ತಿಗೆ ಮೊಬೈಲು ಹಿಡಿದರೆ 92, ಬಾಣ ಓರೆಯಾಗಿ ಕೆಳಮುಖ. ಆ ಓರೆ ಬಾಣಕ್ಕೆ ನಿಮಿಷಕ್ಕೆ ಒಂದರಿಂದ ಎರಡು ಮಿಲಿಗ್ರಾಂ ಇಳಿಕೆಯೆಂದು ಅರ್ಥ. ಅಂದರೆ ಕಾಲು ಗಂಟೆಯಲ್ಲಿ 70. ಚೀಲದಲ್ಲಿ ಸದಾ ಇಟ್ಟುಕೊಳ್ಳುವ ಗ್ಲೂಕೋಸ್ ಪುಡಿಯನ್ನು ವೇದಿಕೆಯ ಮೇಲೆಯೇ ಮೂರು ಚಮಚದಷ್ಟು ಬಾಯಿಗೆ ಹಾಕಿಕೊಂಡೆ. ಹದಿನೈದು ನಿಮಿಷದ ನಂತರ ನೋಡಿದರೆ ಅಂಕಿ 74, ಬಾಣ ಇನ್ನೂ ಕೆಳಗೇ. ಬಿಲ್ಲೆ ಹಿಂದೆ ಬೀಳುತ್ತದೆಂಬ ತಿಳಿವಳಿಕೆ ಇಲ್ಲದಿದ್ದರೆ ಗಾಬರಿಯಿಂದ ಡಬ್ಬಿಯನ್ನೆಲ್ಲ ಮುಗಿಸಿಬಿಡಬಹುದು. ಬೆರಳು ಚುಚ್ಚಿದೆ, 96 ಇತ್ತು. ಸುಮ್ಮನೆ ಕುಳಿತೆ. ಮುಂದಿನ ಸಾಲಿನಲ್ಲಿದ್ದ ತರುಣನೊಬ್ಬ ಪಕ್ಕದವನಿಗೆ, ಶಾಸ್ತ್ರಿಗಳೂ ವೇದಿಕೆಯ ಮೇಲೆ ಮೊಬೈಲು ನೋಡುತ್ತಾರೆಂದು ನಗುತ್ತ ತೋರಿಸುತ್ತಿದ್ದ. ಆರತಿ ಆದದ್ದು ಹತ್ತೂಕಾಲಕ್ಕೆ. ಸಭೆ ಸಮಾರಂಭ ನಡೆಸುವ ಮಹನೀಯರಲ್ಲಿ ನನ್ನ ಅರಿಕೆಯಿಷ್ಟೇ: ಪ್ರಸಾದದ ವೇಳೆಯನ್ನು ಘೋಷಿಸಿದ ಮೇಲೆ ಪಾಲಿಸಿರಿ. ಆ ವೇಳೆಯನ್ನು ನಂಬಿ ಮಾತ್ರೆ ನುಂಗಿದವರು, ಇನ್ಸುಲಿನ್ ಚುಚ್ಚಿಕೊಂಡವರು ಸಭೆಯಲ್ಲಿ ಹಲವರಿರುತ್ತಾರೆ.

ಉಪವಾಸದ ಬಗೆಗೂ ಭಕ್ತರು ಕೇಳುತ್ತಾರೆ. ದೇಹವನ್ನು ದಂಡಿಸುವ ವ್ರತಗಳಿಗೆ ಶರಣರು ಹೆಚ್ಚಿನ ಬೆಲೆ ಕೊಟ್ಟವರಲ್ಲ. ಶಿವರಾತ್ರಿಯ ನಿರಾಹಾರವನ್ನು ಬಿಡಲಾರದ ವೃದ್ಧರು ಮೊದಲೇ ವೈದ್ಯರನ್ನು ಕೇಳಿ ಆ ದಿನದ ಔಷಧವನ್ನು ನಿರ್ಧರಿಸಿಕೊಳ್ಳಲಿ.

ನಡಿಗೆಯ ವಿಷಯದಲ್ಲಿ ನಮ್ಮ ಪ್ರಾಚೀನರು ಹೇಳಿದ್ದು ಸ್ವಾರಸ್ಯಕರವಾಗಿದೆ. ಸುಶ್ರುತನು ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸುತ್ತಾನೆ. ಚಿಕಿತ್ಸಾಸ್ಥಾನದಲ್ಲಿ, ಹಣವೂ ಬಂಧುಗಳೂ ಇಲ್ಲದ ರೋಗಿಗೆ ಅವನು ವಿಧಿಸುವ ಮದ್ದನ್ನು ಗಮನಿಸಬೇಕು. ಕಾಲಿಗೆ ಪಾದರಕ್ಷೆಯಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನದಿಂದ ಜೀವಿಸುತ್ತ, ಒಂದು ಗ್ರಾಮದಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಸಂಯಮದಿಂದ ನೂರು ಯೋಜನ ಅಥವಾ ಇನ್ನೂ ಹೆಚ್ಚು ನಡೆಯಬೇಕಂತೆ. ಇಲ್ಲವೇ ಬಾವಿ ತೋಡಬೇಕಂತೆ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಚರಜಂಗಮರ ನೆನಪಾಗುತ್ತದೆ. ಊರಿಂದೂರಿಗೆ ಭಕ್ತರ ಮನೆ ಮನೆ ನಡೆದ ಆ ಹಿರಿಯರ ಜೀವನಕ್ರಮವೇ ಸುಶ್ರುತನ ಚೀಟಿಯಲ್ಲಿ ಬರೆದಂತಿದೆ. ಇಂದು ಜಂಗಮರು ಕಾರಿನಲ್ಲಿ ಸಂಚರಿಸುತ್ತಾರೆ, ನಾನೂ ಅದಕ್ಕೆ ಹೊರತಲ್ಲ.

ಸುಶ್ರುತನ ಮಾತಿನಲ್ಲಿ ಬರಿಗಾಲೊಂದನ್ನು ನಾನು ಒಪ್ಪಲಾರೆ. ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳು ಸಂವೇದನೆಯನ್ನು ಕಳೆದುಕೊಳ್ಳುತ್ತವೆ. ಚೈತ್ರ ವೈಶಾಖದ ಮಧ್ಯಾಹ್ನ ಹಂಪಿಯ ವಿರೂಪಾಕ್ಷನ ಅಂಗಳದ ಕಲ್ಲುಹಾಸು ಹೆಂಚಿನಂತೆ ಕಾದಿರುತ್ತದೆ. ಸಂವೇದನೆಯುಳ್ಳವನು ಓಡಿ ನೆರಳು ಸೇರುತ್ತಾನೆ. ಇಲ್ಲದವನು ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಾನೆ, ಮನೆಗೆ ಬಂದ ಮೇಲೆ ಅಂಗಾಲಿನಲ್ಲಿ ಬೊಕ್ಕೆಗಳನ್ನು ಕಾಣುತ್ತಾನೆ. ಮಧುಮೇಹಿಗಳು ಬೆಳಗಿನ ತಂಪಿನಲ್ಲಿ ದರ್ಶನ ಮಾಡಲಿ. ಮನೆಗೆ ಬಂದು ಪಾದಗಳನ್ನು ತೊಳೆದು ಒರೆಸಿ, ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ.

ಕಂಪ್ಲಿಯಲ್ಲಿರುವ ನನ್ನ ತಂಗಿಯ ಯಜಮಾನರು ಈ ರೋಗದಿಂದ ಎಡಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡವರು. ಗದ್ದೆಯಲ್ಲಿ ಚುಚ್ಚಿದ ಮುಳ್ಳು ಎಂಟು ದಿನ ಅವರ ಅರಿವಿಗೇ ಬಂದಿರಲಿಲ್ಲ. ಕಾಲುವೆ ನೀರಿನ ಬತ್ತ, ಕಬ್ಬು, ಬಾಳೆ ಬೆಳೆಯುವ ಒಕ್ಕಲುತನ. ಹೊಸಪೇಟೆ, ಕಂಪ್ಲಿಗಳ ಸಕ್ಕರೆ ಕಾರ್ಖಾನೆಗಳು ಬಾಗಿಲು ಮುಚ್ಚಿ ವರ್ಷಗಳಾದರೂ ಸಕ್ಕರೆ ನಮ್ಮ ಜನರ ರಕ್ತದಲ್ಲಿ ತಯಾರಾಗುವುದು ನಿಂತಿಲ್ಲವೆಂದು ಅವರೇ ನಗುತ್ತಾರೆ. ಅವರಿಗೂ ಒಂದು ಬಿಲ್ಲೆ ಹಾಕಿಸೋಣವೆಂದಾಗ ಬೆಲೆ ಕೇಳಿದರು. ನಾಲ್ಕೈದು ಸಾವಿರವೆಂದೆ. "ಹದಿನಾಲ್ಕು ದಿನಕ್ಕಾ? ಮೂರು ಚೀಲ ಡಿಎಪಿ ಬರ್ತಾವಲ್ರೀ ಶಾಸ್ತ್ರಿಗಳೇ!" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ವರ್ಷವಿಡೀ ಧರಿಸಲು ಲಕ್ಷಕ್ಕೂ ಮೀರಿ ಬೇಕು. ನನ್ನ ನಿವೃತ್ತಿ ವೇತನಕ್ಕೂ ಅದು ನಿಲುಕದು. ಆದ್ದರಿಂದ ವೈದ್ಯರ ಸಲಹೆಯಂತೆ ಔಷಧ ಬದಲಾದಾಗ, ಋತು ಬದಲಾದಾಗ, ಪ್ರವಾಸ ಹೆಚ್ಚಿದ್ದಾಗ ಮಾತ್ರ ಧರಿಸುತ್ತೇನೆ. ಉಳಿದ ದಿನಗಳಿಗೆ ಬೆರಳು ಚುಚ್ಚುವ ಯಂತ್ರವೇ ಸಾಕು. ಅದೂ ಇಲ್ಲದವರು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಮೂವತ್ತು ದಾಟಿದವರಿಗೆಲ್ಲ ಅಲ್ಲಿ ಮಧುಮೇಹದ ತಪಾಸಣೆ ಉಚಿತವಾಗಿ ನಡೆಯುತ್ತದೆ.

ಕೊನೆಗೆ ತಂಗಿಯ ಮಕ್ಕಳು ಕೂಡಿ ತಂದೆಗೆ ಒಂದು ಬಿಲ್ಲೆ ಹಾಕಿಸಿದರು. ಹದಿನಾಲ್ಕು ದಿನದಲ್ಲಿ ಅವರು ಎರಡು ವಿಷಯ ಕಂಡುಕೊಂಡರು. ಗದ್ದೆಯ ದಾರಿಯಲ್ಲಿ ದಿನಕ್ಕೆ ಐದು ಸಲ ಕುಡಿಯುತ್ತಿದ್ದ ಸಕ್ಕರೆ ಚಹಾ ಗೆರೆಯಲ್ಲಿ ಐದು ಗುಡ್ಡಗಳಾಗಿ ಎದ್ದಿತ್ತು, ಸಂಡೂರಿನ ಗುಡ್ಡಗಳ ಸಾಲಿನಂತೆ. ನೀರು ಕಟ್ಟಲು ಬದುವಿನ ಮೇಲೆ ನಡೆದ ದಿನಗಳಲ್ಲಿ ಮಾತ್ರ ಗೆರೆ ಬಯಲಾಗಿತ್ತು. ಚಹಾ ಈಗ ಎರಡಕ್ಕೆ ಇಳಿದಿದೆ, ಸಕ್ಕರೆಯಿಲ್ಲದ್ದು. ಗದ್ದೆಗೆ ಮೋಟಾರ್ ಸೈಕಲ್ ಬಿಟ್ಟು ನಡೆದೇ ಹೋಗುತ್ತಾರೆ, ಮಕ್ಕಳು ತಂದುಕೊಟ್ಟ ಮೆತ್ತನೆಯ ಪಾದರಕ್ಷೆ ಹಾಕಿಕೊಂಡು. ಮತ್ತೊಂದು ಬಿಲ್ಲೆ ಬೇಡವೆಂದು ಹೇಳಿದ್ದಾರೆ.

ನನ್ನ ಏಳನೆಯ ಬಿಲ್ಲೆಯನ್ನು ಬರುವ ಶ್ರಾವಣಕ್ಕೆಂದು ತೆಗೆದಿರಿಸಿದ್ದೇನೆ. ಆ ತಿಂಗಳಲ್ಲಿ ಪ್ರವಚನಗಳೂ ಹೆಚ್ಚು, ಹೋಳಿಗೆಗಳೂ ಹೆಚ್ಚು.